ಬಾತ್ಮಾ ಎಜೆ ಹೇಳದ ಹೆಸರು

ಬಾತ್ಮಾಕಾನ್ ಒರ್ಮೋನೊವಾ, ಅಂದರೆ ನಮ್ಮ ಬಾತ್ಮಾ ಎಜೆ, ಪತ್ರಿಕೆಗೆ ಯುದ್ಧದ ಸುದ್ದಿ ಬರೆಯುತ್ತಿದ್ದ ಕಾಲದಲ್ಲಿ ಓಶ್ ಪಟ್ಟಣದ ಸೇನಾಧಿಕಾರಿಗಳಲ್ಲಿ ಅರ್ಧ ಜನ ಅವರೊಡನೆ ಒಂದಲ್ಲ ಒಂದು ಸಲ ಚಹಾ ಕುಡಿದವರೇ. ಅವರನ್ನು ಎಜೆ ಕದ್ದುಮುಚ್ಚಿ ಭೇಟಿಯಾಗುತ್ತಿರಲಿಲ್ಲ. ಪೇಟೆಯ ಚಾಯ್‌ಖಾನೆಯಲ್ಲಿ, ಮದುವೆ ಮನೆಯಲ್ಲಿ, ರೊಟ್ಟಿ ಅಂಗಡಿಯ ಮುಂದಿನ ಸಾಲಿನಲ್ಲಿ, ನಾಲ್ಕು ಜನ ನೋಡುವ ಕಡೆಯೇ ನಿಂತು ಮಾತಾಡಿಸುತ್ತಿದ್ದರು. ಎಮ್ಮೆಯಷ್ಟು ದಪ್ಪ ಕರ್ನಲ್ ಒಬ್ಬ ತನ್ನ ಮಂಡಿನೋವಿನ ಕತೆ ಹೇಳುತ್ತಾ ಕೂತರೆ ಎಜೆ ಪೂರ್ತಿ ಕೇಳಿಸಿಕೊಂಡು, ಕುರಿಬಾಲದ ಕೊಬ್ಬು ಹಚ್ಚಿಕೊಳ್ಳಿ ಎಂದು ಸಲಹೆಯನ್ನೂ ಕೊಟ್ಟು ಬರುತ್ತಿದ್ದರು. ಅದರಿಂದ ಪತ್ರಿಕೆಗೆ ಒಂದು ಸಾಲೂ ಹುಟ್ಟುತ್ತಿರಲಿಲ್ಲ. ಇಷ್ಟೊಂದು ಹೊತ್ತು ಯಾಕೆ ಹಾಳು ಮಾಡ್ತೀರಿ ಎಂದು ನಾನೊಮ್ಮೆ ಕೇಳಿದ್ದೆ.

"ನನಗೆ ಬೇಕಾದ ಒಬ್ಬನ ಹತ್ರ ಮಾತ್ರ ಚಹಾ ಕುಡಿದ್ರೆ ಅವನ ಕುತ್ತಿಗೆಗೆ ನಾನೇ ಹಗ್ಗ ಹಾಕಿದ ಹಾಗೆ, ತೊಲೊಗೋನ್. ಎಲ್ಲರ ಹತ್ರಾನೂ ಕುಡಿದ್ರೆ ನನ್ನ ಹೊಟ್ಟೆ ಕೆಡುತ್ತೆ, ಅಷ್ಟೆ" ಎಂದಿದ್ದರು.

ತೊಲೊಗೋನ್ ಎಂದರೆ ನಾನು, ಅದೇ ಪತ್ರಿಕೆಯ ಫೋಟೋಗ್ರಾಫರ್. ಕ್ಯಾಮೆರಾದ ಜೊತೆಗೆ ಆಫೀಸಿನ ಹಳೆಯ ಜೀಪೂ ನನ್ನ ಪಾಲಿಗೇ ಬಂದಿತ್ತು. ವಯಸ್ಸಿನಲ್ಲಿ ಅವರು ನನಗಿಂತ ತುಂಬಾ ದೊಡ್ಡವರು. ಉಳಿದವರಂತೆ ನಾನೂ ಅವರನ್ನು ಅಕ್ಕ ಎನ್ನುವ ಅರ್ಥದಲ್ಲಿ ಎಜೆ ಎಂದೇ ಕರೆಯುತ್ತಿದ್ದೆ. ಅವರ ತಮ್ಮ ಸೋವಿಯತ್ ಸೈನ್ಯದಲ್ಲಿ ಅಫ್ಘಾನಿಸ್ತಾನಕ್ಕೆ ಹೋಗಿ ಸತುವಿನ ಪೆಟ್ಟಿಗೆಯಲ್ಲಿ ಮನೆಗೆ ಬಂದಿದ್ದ. ಪೆಟ್ಟಿಗೆ ತೆರೆಯಲು ಬಿಟ್ಟಿರಲಿಲ್ಲ. ಹೇಗೆ ಸತ್ತ ಎಂದು ಹೇಳುವವರೂ ಇರಲಿಲ್ಲ. ಆ ಮಾತನ್ನು ಎಜೆ ತಾವಾಗಿ ಎತ್ತುತ್ತಿರಲಿಲ್ಲ. ಆದರೆ ಯುದ್ಧದ ಸುದ್ದಿ ಬರೆಯುವುದನ್ನು ಬಿಟ್ಟು ಆರಾಮಾಗಿ ಸಂಸ್ಕೃತಿ ಪುಟ ನೋಡಿಕೊಳ್ಳಬಾರದೇ ಎಂದು ಯಾರಾದರೂ ಕೇಳಿದರೆ ಅವರ ಮುಖ ಬಿಗಿದುಕೊಳ್ಳುತ್ತಿತ್ತು.

ಆ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಗಡಿಯಾಚೆಯಿಂದ ಬಂದೂಕುಧಾರಿಗಳು ಬೆಟ್ಟ ದಾಟಿ ಒಳಗೆ ಬರತೊಡಗಿದ್ದರು. ಸಾರೀಬೇಲ್ ಘಟ್ಟದ ಕಾವಲು ಠಾಣೆಯಲ್ಲಿ ಒಬ್ಬ ಎಳೆಯ ಲೆಫ್ಟಿನೆಂಟ್, ಅವನ ಕೈಕೆಳಗೆ ಕಡ್ಡಾಯ ಸೇವೆಗೆ ಬಂದ ಹುಡುಗರು. ಒಂದು ಬೆಳಿಗ್ಗೆ ರೇಡಿಯೋದಲ್ಲಿ ಸೇನೆಯ ಪ್ರಕಟಣೆ ಬಂತು. ಶತ್ರು ಇದ್ದಕ್ಕಿದ್ದಂತೆ ಮೇಲೆ ಬಿದ್ದನೆಂದೂ ಸಾರೀಬೇಲಿನ ವೀರರು ಕೊನೆಯುಸಿರಿನವರೆಗೆ ಹೋರಾಡಿ ಮಡಿದರೆಂದೂ ಹೇಳಿದರು. ಊರೆಲ್ಲ ಅತ್ತಿತು. ಸತ್ತ ಲೆಫ್ಟಿನೆಂಟನ ಫೋಟೋ ನಮ್ಮ ಪತ್ರಿಕೆಯ ಮೊದಲ ಪುಟದಲ್ಲಿ ಬಂತು.

ಅದಾಗಿ ಕೆಲವು ವಾರಕ್ಕೆ ಎಜೆ ಸಂಪಾದಕರ ಕೋಣೆಗೆ ಹೋಗಿ ಬಾಗಿಲು ಹಾಕಿದರು. ಸಂಪಾದಕ ಸಪಾರ್ ಬೈಕೆ, ಅಂದರೆ ಸಪಾರಣ್ಣ, ಒಳ್ಳೆಯ ಮನುಷ್ಯ, ಸ್ವಲ್ಪ ದುಡುಕು. ಪುಟ ನೋಡಲು ನಾನೂ ಅಲ್ಲೇ ಇದ್ದೆ. ಎಜೆ ಹೇಳಿದ್ದು ಇಷ್ಟು: ಶತ್ರು ಇದ್ದಕ್ಕಿದ್ದಂತೆ ಬಿದ್ದದ್ದು ಸುಳ್ಳು. ಠಾಣೆಯವರು ಎಷ್ಟೋ ದಿನದಿಂದ ವೈರ್‌ಲೆಸ್ಸಿನಲ್ಲಿ ಅಂಗಲಾಚುತ್ತಿದ್ದರು, ಒಂದೋ ಜನ ಕಳಿಸಿ ಇಲ್ಲವೇ ಕೆಳಗಿಳಿಯಲು ಅಪ್ಪಣೆ ಕೊಡಿ ಎಂದು. ಎರಡೂ ಸಿಗಲಿಲ್ಲ. ಯಾಕೆಂದರೆ ಜನರಲ್ ಸಾಹೇಬ ಸಾರೀಬೇಲಿಗೆ ಹೆಚ್ಚಿನ ತುಕಡಿ ಆಗಲೇ ತಲುಪಿದೆ ಎಂದು ರಾಜಧಾನಿಗೆ ವರದಿ ಕೊಟ್ಟುಬಿಟ್ಟಿದ್ದ. ಈಗ ಕಳಿಸಿದರೆ ಆ ಸುಳ್ಳು ಹೊರಬೀಳುತ್ತಿತ್ತು. ಇದನ್ನೆಲ್ಲ ತನ್ನ ಕಿವಿಯಿಂದಲೇ ಕೇಳಿದವನೊಬ್ಬ ಎಜೆಗೆ ಹೇಳಿದ್ದ. ಲೆಫ್ಟಿನೆಂಟ್ ಕೊನೆಯದಾಗಿ ಆಡಿದ ಮಾತನ್ನೂ ಹೇಳಿದ್ದ.

ಸಪಾರ್ ಬೈಕೆ ಎದ್ದು ನಿಂತುಬಿಟ್ಟರು. ಆ ಕೊನೆಯ ಮಾತನ್ನೇ ತಲೆಬರಹ ಮಾಡಿ ನಾಳೆಯೇ ಹಾಕೋಣ, ದೇಶ ನಡುಗಿಹೋಗುತ್ತೆ ಎಂದರು.

"ಹಾಕಲ್ಲ" ಎಂದರು ಎಜೆ. "ಆ ಮಾತು ಕೇಳಿದ ಕಿವಿಗಳೆಲ್ಲ ಒಂದು ಸಣ್ಣ ಕೋಣೇಲಿ ಹಿಡಿಸ್ತವೆ. ನೀನು ಬೆಳಿಗ್ಗೆ ಅಚ್ಚು ಹಾಕಿದ್ರೆ ಸಂಜೆಯೊಳಗೆ ಆ ಕಿವಿಗಳನ್ನ ಸಾಲಾಗಿ ನಿಲ್ಲಿಸ್ತಾರೆ."

"ಮತ್ತೆ ನನಗ್ಯಾಕೆ ಹೇಳ್ದೆ? ಬಾಯಿ ಹತ್ರ ತಂದ ತುತ್ತು ಕಿತ್ಕೊಳ್ಳೋಕಾ?"

"ನಾನು ಎಲ್ಲಿಗೆ ಹೋಗ್ತಿದೀನಿ, ಯಾಕೆ ಹೋಗ್ತಿದೀನಿ ಅಂತ ನಿನಗೆ ಗೊತ್ತಿರ್ಲಿ ಅಂತ. ಕತ್ತಲಲ್ಲಿ ದಾರಿ ತೋರ್ಸೋಕೆ ಒಬ್ಬ ದೀಪ ಹಿಡಿದ. ದಾರಿ ಸಿಕ್ತಲ್ಲ, ಇನ್ನು ದೀಪ ಹಿಡಿದೋನ ಮುಖ ಯಾಕೆ ತೋರಿಸ್ಬೇಕು? ಜೀಪು ಕೊಡು, ತೊಲೊಗೋನನ್ನ ಕಳ್ಸು."

ಆ ಮನುಷ್ಯ ಯಾರು ಎಂದು ಸಪಾರ್ ಬೈಕೆ ಮೆಲ್ಲಗೆ ಕೇಳಿ ನೋಡಿದರು. ಇನ್ನೊಂದು ಸಲ ಕೇಳಿದರೆ ನಿನ್ನ ಜೊತೆಗೂ ಮಂಡಿನೋವಿನ ವಿಷಯ ಮಾತ್ರ ಮಾತಾಡ್ತೀನಿ ಎಂದು ಎಜೆ ಬಾಗಿಲು ತೆಗೆದರು.

ನಾವು ಬೆಟ್ಟ ಹತ್ತುವಾಗ ಮಂದೆಗಳು ಕೆಳಗಿಳಿಯುತ್ತಿದ್ದವು. ಮೇಲಿನ ಹುಲ್ಲುಗಾವಲಿನಲ್ಲಿ ಇನ್ನೂ ಗೂಡಾರ ಕೀಳದೆ ಉಳಿದವಳು ಸೋನುನ್ ಅಪಾ ಒಬ್ಬಳೇ; ಅಪಾ ಎಂದರೆ ಅಮ್ಮ. ಗಂಡ ಸತ್ತವಳು, ಮಾತಿನಲ್ಲಿ ಜೋರು. ನಾವು ಪತ್ರಿಕೆಯವರೆಂದು ತಿಳಿದ ಮೇಲೆ, ಊಟ ಮುಗಿಯುವವರೆಗೆ ಯಾರೂ ಬಾಯಿ ಬಿಡಬಾರದು ಎಂದು ತಾಕೀತು ಮಾಡಿ ಬಿಸಿ ರೊಟ್ಟಿ, ಕೆನೆ ಮುಂದಿಟ್ಟಳು. ಆಮೇಲೆ ತಾನೇ ಶುರುಮಾಡಿದಳು. ಠಾಣೆಯ ಹುಡುಗರು ರೊಟ್ಟಿಗಾಗಿ ಮತ್ತೆ ಮತ್ತೆ ಇಳಿದು ಬರುತ್ತಿದ್ದರಂತೆ. ನಮಗೆ ಜನವೂ ಬರ್ತಿಲ್ಲ, ಊಟವೂ ಬರ್ತಿಲ್ಲ ಅಪಾ ಎನ್ನುತ್ತಿದ್ದರಂತೆ. ಕೊನೆಗೊಮ್ಮೆ ಲೆಫ್ಟಿನೆಂಟನೇ ಬಂದು, ಎದುರು ಬೆಟ್ಟದಲ್ಲಿ ಬಂದೂಕಿನವರು ಸೇರುತ್ತಿದ್ದಾರೆ, ನಿಮ್ಮ ಕುರಿ ಕಟ್ಟಿಕೊಂಡು ಕೆಳಗೆ ಹೋಗಿ ಎಂದು ಕುರುಬರಿಗೆಲ್ಲ ಹೇಳಿ ಹೋದನಂತೆ.

ಇದ್ದಕ್ಕಿದ್ದಂತೆ ಏನೂ ಆಗಿರಲಿಲ್ಲ. ಎಜೆಗೆ ಬೇಕಾದ ಮಾತು ಸಿಕ್ಕಿತ್ತು. ನಾನಾಗಿದ್ದರೆ ಕೂಡಲೇ ಜೀಪು ಹತ್ತುತ್ತಿದ್ದೆ. ಎಜೆ ಏಳಲಿಲ್ಲ. ಈ ಮಾತನ್ನು ಹೆಸರು ಹಾಕಿ ಬರೆದರೆ ಏನೇನು ಆಗಬಹುದು ಎಂದು ಒಂದೊಂದಾಗಿ ಬಿಡಿಸಿ ಹೇಳಿದರು. ಸೇನೆಯವರು ಬಂದು ಬೆದರಿಸಬಹುದು, ಹುಲ್ಲುಗಾವಲಿನ ಅನುಮತಿಗೆ ಅಡ್ಡಗಾಲು ಹಾಕಬಹುದು, ಕರೆಸಿ ಕೂರಿಸಬಹುದು. ಬೇಡವೆಂದರೆ ಹೆಸರಿಲ್ಲದೆ ಬರೆಯುತ್ತೇನೆ, ಈಗಲೇ ಉತ್ತರ ಕೊಡಬೇಡಿ, ಮಲಗಿ ಎದ್ದು ಹೇಳಿ ಎಂದರು. ಹಾಗಾಗಿ ಅಲ್ಲಿಯೇ ಉಳಿದೆವು. ಬೆಳಿಗ್ಗೆ ಹಾಲು ಕರೆಯುತ್ತಲೇ ಸೋನುನ್ ಅಪಾ ಉತ್ತರ ಕೊಟ್ಟಳು.

"ಹಾಕಮ್ಮ ನನ್ನ ಹೆಸರು. ಬರ್ಲಿ ನಿನ್ನ ಸೇನೆಯವರು. ಅವರಿಗೂ ಮೊದಲು ರೊಟ್ಟಿ ಕೊಡ್ತೀನಿ, ಆಮೇಲೆ ಬೈತೀನಿ."

ಅಲ್ಲಿಂದ ನಾವು ಎಲ್ದಿಯಾರನ ಊರಿಗೆ ಹೋದೆವು. ಠಾಣೆಯಲ್ಲಿ ಬದುಕುಳಿದವನು ಅವನೊಬ್ಬನೇ. ಒಂದು ಕಾಲು ಹೋಗಿತ್ತು. ಅವನ ಅಪ್ಪ ಬಾಗಿಲಲ್ಲೇ ತಡೆದ. ಆ ದಿನ ಎಜೆ ಪೆನ್ನು ಹೊರಗೆ ತೆಗೆಯಲೇ ಇಲ್ಲ. ಅಂಗಳದಲ್ಲಿ ಆ ಮನೆಯ ಹೆಂಗಸರ ಜೊತೆ ಕೂತು ಏಪ್ರಿಕಾಟ್ ಹಣ್ಣು ಬಿಡಿಸಿ ಒಣಹಾಕಿದರು, ನಾಳೆ ಬರಲೇ ಎಂದು ಕೇಳಿ ಎದ್ದರು. ಮಾರನೆಯ ದಿನ ಎಲ್ದಿಯಾರ್ ತಾನೇ ಕರೆದ. ಎದುರು ಬೆಟ್ಟದ ಮೇಲೆ ಹೊಗೆ ಏಳುವುದನ್ನು ದಿನವೂ ನೋಡುತ್ತಿದ್ದೆವು, ಲೆಫ್ಟಿನೆಂಟ್ ವೈರ್‌ಲೆಸ್ಸಿನಲ್ಲಿ ಕೂಗಿ ಕೂಗಿ ಅವನ ಗಂಟಲೇ ಕಟ್ಟಿಹೋಗಿತ್ತು ಎಂದ. ಅಪ್ಪ ನಡುವೆ ಬಂದು ಮಗನ ಹೆಸರು ಬೇಡ ಎಂದ. ಸರಿ, ಹಾಕುವುದಿಲ್ಲ ಎಂದು ಎಜೆ ಮರುಮಾತಿಲ್ಲದೆ ಒಪ್ಪಿದರು. ಎಲ್ದಿಯಾರ್ ಒಪ್ಪಲಿಲ್ಲ.

"ಹಾಕಿ ಎಜೆ. ಅವರೆಲ್ಲರ ಹೆಸರೂ ಕಲ್ಲಿನ ಮೇಲೆ ಬಂತು. ನನ್ನದು ಕಾಗದದ ಮೇಲಾದ್ರೂ ಬರಲಿ."

ಎಜೆ ಅಪ್ಪನ ಮುಖ ನೋಡಿದರು. ಅವನು ಎದ್ದು ಹೋಗಿ ಚಹಾ ಕಾಯಿಸುವ ಸಮೋವರಿಗೆ ನೀರು ತುಂಬಿದ. ಅದನ್ನು ಎಜೆ ಒಪ್ಪಿಗೆಯೆಂದು ತಿಳಿಯಲಿಲ್ಲ. ಚಹಾ ಕುಡಿದಾದ ಮೇಲೆ ಮತ್ತೆ ಕೇಳಿ, ಅವನ ಬಾಯಿಂದ ಹೂಂ ಎನ್ನಿಸಿಕೊಂಡೇ ಹೊರಟರು.

ಲೇಖನ ಬಂತು. ಅದರಲ್ಲಿ ವೈರ್‌ಲೆಸ್ಸಿನ ಕೊನೆಯ ಮಾತು ಇರಲಿಲ್ಲ, "ಬಲ್ಲ ಮೂಲಗಳ ಪ್ರಕಾರ" ಎನ್ನುವ ಪದಗಳೂ ಇರಲಿಲ್ಲ. ಪ್ರತಿ ವಾಕ್ಯದ ಹಿಂದೆಯೂ ಹೆಸರು, ಊರು ಇರುವ ಒಬ್ಬ ಮನುಷ್ಯ ಇದ್ದ. ಪತ್ರಿಕೆ ಮಧ್ಯಾಹ್ನದೊಳಗೆ ಮುಗಿದುಹೋಯಿತು. ಓದಿದವರು ಇನ್ನೊಬ್ಬರಿಗೆ ದಾಟಿಸಿ, ಹಾಳೆ ಹರಿಯುವವರೆಗೆ ಓದಿದರು.

ಜನರಲ್ ಸುಮ್ಮನಿರಲಿಲ್ಲ. ಸೇನೆಯ ಗುಟ್ಟು ಹೊರಗೆ ಹೋಗಿದೆ, ಒಳಗಿನವರಿಲ್ಲದೆ ಈ ಸುದ್ದಿ ಹುಟ್ಟಲು ಸಾಧ್ಯವೇ ಇಲ್ಲ ಎಂದು ತನಿಖೆ ಹೂಡಿಸಿದ. ಒಂದು ವಾರದಲ್ಲಿ ಸಂಪರ್ಕ ವಿಭಾಗದ ಕ್ಯಾಪ್ಟನ್ ಒಮುರ್ಜಾಕನನ್ನು ಹಿಡಿದು ಒಳಗೆ ಹಾಕಿದರು. ಆ ವರ್ಷದ ವಸಂತದಲ್ಲಿ ಅವನು ಬಾತ್ಮಾಕಾನ್ ಜೊತೆ ಚಾಯ್‌ಖಾನೆಯಲ್ಲಿ ಕೂತಿದ್ದನ್ನು ನೋಡಿದವರಿದ್ದರು. ಆ ದಿನ ನಾನೂ ಆ ಮೇಜಿನಲ್ಲಿದ್ದೆ. ಪತ್ರಿಕೆಯವರು ಒಂದು ಕಾಸಿಗೂ ಬಾರದವರು ಎಂದು ಅವನು ಹೊತ್ತು ಪೂರ್ತಿ ಜಗಳವಾಡಿ ಎದ್ದು ಹೋಗಿದ್ದ. ಆದರೂ ಅವನೇ ಇರಬಹುದೇನೋ, ಆ ಜಗಳವೇ ನಾಟಕವಿರಬಹುದೇನೋ ಎಂದು ನಾನೂ ಯೋಚಿಸಿದ್ದುಂಟು.

ಅವನ ಹೆಂಡತಿ ಗುಲ್ಬಾರ್ಚಿನ್ ನಮ್ಮ ಆಫೀಸಿಗೆ ಬಂದಳು. ಎಜೆ ಕುರ್ಚಿ ಎಳೆದು ಕೊಟ್ಟರು, ಬಟ್ಟಲಿಗೆ ಚಹಾ ಬಗ್ಗಿಸಿದರು. ಅವಳು ಕೂರಲಿಲ್ಲ.

"ನನ್ನ ಗಂಡ ನಿಮ್ಮ ಮನುಷ್ಯ ಹೌದಾ ಅಲ್ವಾ, ಅಷ್ಟು ಹೇಳಿ. ಅಲ್ಲ ಅಂತ ಬಾತ್ಮಾಕಾನ್ ಹೇಳಿದ್ರೆ ಇವತ್ತೇ ಬಿಡ್ತೀವಿ ಅಂದಿದಾರೆ."

"ಹೇಳೋಕಾಗಲ್ಲಮ್ಮ."

"ಅಲ್ಲ ಅನ್ನೋಕೆ ನಾಲಿಗೆ ಸವೆಯುತ್ತಾ?"

"ಇವತ್ತು ಇವರಲ್ಲ ಅಂತೀನಿ. ನಾಳೆ ಇನ್ನೊಬ್ಬರನ್ನ ಹಿಡಿದು ಇವರಾ ಅಂತಾರೆ. ಅಲ್ಲ, ಅಲ್ಲ ಅಂತ ಹೇಳ್ತಾ ಹೋಗಿ ಯಾವತ್ತು ನಾನು ಬಾಯಿ ಮುಚ್ಚಿದ್ನೋ ಆವತ್ತು ಅವರಿಗೆ ಹೆಸರು ಸಿಕ್ಕಿದ ಹಾಗೇ."

"ಯಾವನೋ ಒಬ್ಬ ಬೆಚ್ಚಗೆ ಮನೇಲಿ ಮಲಗ್ಲಿ ಅಂತ ನನ್ನ ಗಂಡ ನೆಲದ ಮೇಲೆ ಮಲಗ್ಬೇಕಾ?"

ಎಜೆ ಎದ್ದು ಅವಳೆದುರು ನಿಂತರು. "ನಿಮ್ಮ ಗಂಡನ್ನ ಚಹಾಗೆ ಕರೆದೋಳು ನಾನು. ಆ ಚಹಾದಿಂದ್ಲೇ ಅವರಿಗೆ ಈ ಗತಿ ಬಂತು. ತಪ್ಪು ನನ್ನದು, ಸರಿ ಮಾಡೋದೂ ನನ್ನ ಕೆಲಸ. ಮಾಡ್ತೀನಿ. ಆದ್ರೆ ಯಾರ ಹೆಸರನ್ನೂ ಬಾಯಿಗೆ ತರದೆ ಮಾಡ್ತೀನಿ."

"ನಿಮ್ಮ ಚಹಾ ಇನ್ನು ನಮ್ಮ ವಂಶದಲ್ಲಿ ಯಾರೂ ಕುಡಿಯಲ್ಲ ಬಿಡಿ" ಎಂದು ಗುಲ್ಬಾರ್ಚಿನ್ ಹೊರಟುಹೋದಳು. ಬಗ್ಗಿಸಿದ ಚಹಾ ಮೇಜಿನ ಮೇಲೆಯೇ ಆರಿತು.

ಮಾರನೆಯ ಮಧ್ಯಾಹ್ನ ಆಫೀಸಿನಲ್ಲಿ ನಾವಿಬ್ಬರೇ ಇದ್ದಾಗ ಫೋನು ಬಂತು. ಎಜೆ ಎತ್ತಿ, ಕೇಳಿ, ನನ್ನ ಕಡೆಗೆ ಬೆನ್ನು ತಿರುಗಿಸಿದರು. ಬಹಳ ಹೊತ್ತು ಆ ಕಡೆಯವನೇ ಮಾತಾಡಿದ. ಆಮೇಲೆ ಎಜೆ ಮೆತ್ತಗೆ ಹೇಳಿದರು: "ನಿಮ್ಮ ಮನಸ್ಸು ನನಗೆ ಅರ್ಥ ಆಗುತ್ತೆ. ಇನ್ನೊಬ್ಬರು ನಿಮ್ಮ ಬದಲು ಒಳಗಿದ್ರೆ ಅನ್ನ ಇಳಿಯಲ್ಲ, ನಿಜ. ಬುಧವಾರದವರೆಗೆ ನನಗೆ ಬಿಡಿ. ನನ್ನಿಂದ ಆಗ್ಲಿಲ್ಲ ಅಂದ್ರೆ ನಾನು ನಿಮ್ಮನ್ನ ತಡೆಯಲ್ಲ. ನಿಮ್ಮ ಹೆಸರು ನಿಮ್ಮದು. ಹೇಳೋ ಹಕ್ಕು ನನಗಿಲ್ಲ, ಹೇಳ್ಬೇಡಿ ಅನ್ನೋ ಹಕ್ಕೂ ನನಗಿಲ್ಲ."

ಒಳಗಿದ್ದ ಒಮುರ್ಜಾಕ್ ಫೋನು ಮಾಡುವ ಹಾಗಿರಲಿಲ್ಲ. ಬಂಧನದಲ್ಲಿರುವವನು ತಪ್ಪು ಮನುಷ್ಯ ಎಂದು ನನಗೆ ಖಾತ್ರಿಯಾದದ್ದು ಹೀಗೆ. ಆ ಕಡೆಯ ದನಿ ನನಗೆ ಕೇಳಿಸಿರಲಿಲ್ಲ. ಎಜೆ ಫೋನಿಟ್ಟು ತಿರುಗಿದಾಗ ನಾನು ಕ್ಯಾಮೆರಾದ ಗಾಜು ಒರೆಸುತ್ತಿದ್ದೆ. ನಾವಿಬ್ಬರೂ ಆ ಕರೆಯ ಬಗ್ಗೆ ಅಂದೂ ಮಾತಾಡಲಿಲ್ಲ, ಮುಂದೆಯೂ ಆಡಲಿಲ್ಲ.

ಎಜೆ ಅದೇ ದಿನ ತನಿಖೆಯ ಮೇಜರನಿಗೆ ಹೇಳಿ ಕಳಿಸಿದರು: ಬುಧವಾರ ನಿಮ್ಮ ಪ್ರಶ್ನೆಗಳಿಗೆ ಉತ್ತರ ಕೊಡುತ್ತೇನೆ, ಆದರೆ ಮುಚ್ಚಿದ ಕೋಣೆಯಲ್ಲಿ ಅಲ್ಲ, ದಂಡಿನ ಕ್ಲಬ್ಬಿನ ಸಭಾಂಗಣದಲ್ಲಿ, ಬರುವವರೆಲ್ಲ ಬರಲಿ. ಹೆಂಗಸು ಸೋತಳು ಎಂದುಕೊಂಡ ಮೇಜರ್ ಒಪ್ಪಿಬಿಟ್ಟ. ಸಪಾರ್ ಬೈಕೆ ಅದನ್ನು ಪತ್ರಿಕೆಯಲ್ಲೂ ಹಾಕಿದರು. ನಾನು ಜೀಪು ತೆಗೆದುಕೊಂಡು ಮತ್ತೆ ಬೆಟ್ಟ ಹತ್ತಿದೆ. ಬರುವುದಾದರೆ ಬನ್ನಿ, ಬರದಿದ್ದರೆ ಬೇಸರವಿಲ್ಲ ಎಂದಷ್ಟೇ ಹೇಳಬೇಕೆಂದು ಎಜೆ ಕಟ್ಟಪ್ಪಣೆ ಮಾಡಿದ್ದರು. ಸೋನುನ್ ಅಪಾ ಮಾತು ಮುಗಿಯುವ ಮೊದಲೇ ತಲೆಗೆ ಬಿಳಿಯ ವಸ್ತ್ರ ಸುತ್ತಿಕೊಂಡು ಜೀಪಿನ ಮುಂದಿನ ಸೀಟಿನಲ್ಲಿ ಕೂತಳು. ದಾರಿಯಲ್ಲಿ ಎಲ್ದಿಯಾರನೂ ಅವನ ಅಪ್ಪನೂ ಹತ್ತಿಕೊಂಡರು.

ಬುಧವಾರ ಸಭಾಂಗಣ ತುಂಬಿತ್ತು. ಗೋಡೆಗೊರಗಿ ಅಧಿಕಾರಿಗಳೂ ನಿಂತಿದ್ದರು. ಒಮುರ್ಜಾಕನನ್ನು ಕಾವಲಿನಲ್ಲಿ ತಂದು ಕೂರಿಸಿದ್ದರು, ಗಡ್ಡ ಬೆಳೆದಿತ್ತು. ಮೇಜರ್ ಮೊದಲು ನಯವಾಗಿಯೇ ಕೇಳಿದ.

"ಈ ಅಧಿಕಾರಿ ನಿಮಗೆ ಸುದ್ದಿ ಕೊಟ್ಟೋರು ಹೌದಾ ಅಲ್ವಾ?"

"ಯಾವ ಹೆಸರಿಗೂ ನಾನು ಹೌದು ಅನ್ನಲ್ಲ, ಅಲ್ಲ ಅನ್ನಲ್ಲ ಮೇಜರ್. ನಿಮ್ಮ ಹೆಸರು ಹಾಕಿ ಕೇಳಿದ್ರೂ ಇದೇ ಉತ್ತರ."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಎಜೆ ನಗಲಿಲ್ಲ. ತಮ್ಮ ಲೇಖನವನ್ನು ಕೈಗೆತ್ತಿಕೊಂಡು, ಇದರಲ್ಲಿ ಯಾವ ವಾಕ್ಯ ಸೇನೆಯ ಗುಟ್ಟು ಎಂದು ತೋರಿಸಿ, ಅದನ್ನು ಹೇಳಿದವರನ್ನು ನಾನು ತೋರಿಸುತ್ತೇನೆ ಎಂದರು. ಮೇಜರ್ ಒಂದು ವಾಕ್ಯ ಓದಿದ. ಸೋನುನ್ ಅಪಾ ಎದ್ದು ನಿಂತು ಅದು ನನ್ನ ಮಾತು ಎಂದಳು. ಇನ್ನೊಂದು ಓದಿದ, ಎಲ್ದಿಯಾರ್ ಊರುಗೋಲು ಊರಿಕೊಂಡು ಎದ್ದ. ಅವನ ಅಪ್ಪ ಪಕ್ಕದಲ್ಲಿ ನಿಂತು ಮಗನ ತೋಳು ಹಿಡಿದಿದ್ದ. ಮೇಜರ್ ಓದುತ್ತಾ ಹೋದ, ಅವರು ಏಳುತ್ತಾ ಹೋದರು. ಕೊನೆಕೊನೆಗೆ ಎಲ್ದಿಯಾರ್ ಕೂರುವುದನ್ನೇ ಬಿಟ್ಟು ನಿಂತೇ ಇದ್ದ.

ಮೇಜರ್ ದಡ್ಡನಲ್ಲ. ಹಾಳೆ ಕೆಳಗಿಟ್ಟು ತನಗೆ ನಿಜವಾಗಿ ಬೇಕಾಗಿದ್ದ ಪ್ರಶ್ನೆ ಕೇಳಿದ. "ಅಷ್ಟು ದೊಡ್ಡ ಬೆಟ್ಟದಲ್ಲಿ ಇವರ ಗೂಡಾರಕ್ಕೇ ಹೋಗ್ಬೇಕು ಅಂತ ನಿಮಗೆ ಯಾರು ಹೇಳಿದ್ದು?"

ಎಜೆ ಸುಳ್ಳು ಹೇಳುವವರಲ್ಲ; ಒಂದು ಸುಳ್ಳು ಹೇಳಿದರೆ ಬರೆದದ್ದೆಲ್ಲ ಸುಳ್ಳಾಗುತ್ತದೆ ಎನ್ನುತ್ತಿದ್ದರು. ನಿಜ ಹೇಳುವ ಹಾಗೂ ಇಲ್ಲ.

"ನನ್ನ ಜೊತೆ ಯಾರು ಮಾತಾಡಿದ್ರು, ಯಾರು ಮಾತಾಡ್ಲಿಲ್ಲ, ಅದನ್ನ ಹೇಳಲ್ಲ" ಎಂದರು ಎಜೆ. "ಹುಡುಗರು ಸಾರೀಬೇಲಿನಲ್ಲಿ ಸತ್ರು ಅಂತ ರೇಡಿಯೋದಲ್ಲಿ ಹೇಳಿದ್ದು ನೀವು. ಆ ಠಾಣೆಯಿಂದ ಕೆಳಗೆ ನೋಡಿದ್ರೆ ಕಾಣೋದು ಇವರ ಗೂಡಾರ ಒಂದೇ. ಇಷ್ಟು ದಿನ ಆಯ್ತು, ನಿಮ್ಮಲ್ಲಿ ಒಬ್ಬರೂ ಅಲ್ಲಿಗೆ ಹೋಗ್ಲಿಲ್ವಾ?"

ಮೇಜರನ ಬದಲು ಸೋನುನ್ ಅಪಾ ಉತ್ತರಿಸಿದಳು. ಒಬ್ಬರೂ ಬರಲಿಲ್ಲ, ರೊಟ್ಟಿ ಹಾಕುವುದಕ್ಕೆ ನಾನು ಕಾಯುತ್ತಲೇ ಇದ್ದೆ ಎಂದಳು. ಆಗ ಸಭೆಯ ಹಿಂಭಾಗದಿಂದ, ಸತ್ತ ಹುಡುಗರ ತಾಯಂದಿರು ಕೂತಿದ್ದ ಕಡೆಯಿಂದ, ಒಬ್ಬಳು ಎದ್ದು ನಿಂತಳು. ಆಮೇಲೆ ಇನ್ನೊಬ್ಬಳು. ಕೂಗಾಟವಿಲ್ಲ, ಬೈಗುಳವಿಲ್ಲ. ಸುಮ್ಮನೆ ನಿಂತರು. ಗೋಡೆಗೊರಗಿದ್ದ ಅಧಿಕಾರಿಗಳಲ್ಲಿ ಎಷ್ಟೋ ಮಂದಿ ಟೋಪಿ ತೆಗೆದರು.

ಒಮುರ್ಜಾಕನನ್ನು ಮರುದಿನ ಬಿಟ್ಟರು. ಗುಟ್ಟೇ ಇಲ್ಲವೆಂದ ಮೇಲೆ ಅದನ್ನು ಹೊರಗೆ ಬಿಟ್ಟವನೆಲ್ಲಿಂದ ಬಂದಾನು. ಎಜೆ ಬಂದೀಖಾನೆಯ ಗೇಟಿನ ಬಳಿ ಹೋಗಿ ನಿಂತಿದ್ದರು, ನಾನೂ ಜೊತೆಗಿದ್ದೆ. ಅವನು ಹೆಂಡತಿಯ ಜೊತೆ ಹೊರಬಂದು, ನಮ್ಮನ್ನು ದಾಟಿ ಹೋಗಿ, ಮತ್ತೆ ಎರಡು ಹೆಜ್ಜೆ ಹಿಂದೆ ಬಂದ.

"ನಿಮ್ಮಿಂದ ಒಳಗೆ ಹೋದೆ, ನಿಮ್ಮಿಂದ ಹೊರಗೆ ಬಂದೆ. ಲೆಕ್ಕ ಚುಕ್ತಾ. ಇನ್ನು ನನ್ನ ಕಂಡ್ರೆ ಮಾತಾಡಿಸ್ಬೇಡಿ."

"ಆಗ್ಲಿ" ಎಂದರು ಎಜೆ. ಆಫೀಸಿನ ಹತ್ತಿರ ಬಂದಾಗ, ಅವನು ಹೇಳಿದ್ದು ನ್ಯಾಯವೇ, ಆ ಹೆಣ್ಣುಮಗಳು ಪಟ್ಟ ಸಂಕಟವನ್ನು ಯಾವ ಲೇಖನವೂ ವಾಪಸು ಕೊಡಲಾರದು ಎಂದರು. ಆಮೇಲೂ ಅವರು ಎಲ್ಲರೊಡನೆ ಚಹಾ ಕುಡಿಯುತ್ತಿದ್ದರು, ಆದರೆ ಕೂರುವ ಮೊದಲು ಪ್ರತಿಯೊಬ್ಬನಿಗೂ, ನನ್ನ ಜೊತೆ ಕೂತರೆ ನಿಮಗೆ ತೊಂದರೆಯಾಗಬಹುದು ಎಂದು ಹೇಳಿಯೇ ಕೂರುತ್ತಿದ್ದರು. ಅರ್ಧಕ್ಕರ್ಧ ಜನ ಎದ್ದು ಹೋದರು. ಉಳಿದವರು ಕೂತರು.

ಸೇನೆ ಎಜೆಯ ಪ್ರವೇಶಪತ್ರ ಕಿತ್ತುಕೊಂಡಿತು. ಮುಂದಿನ ಚಳಿಗಾಲದಲ್ಲಿ ಜನರಲ್ ಆರೋಗ್ಯದ ನೆಪದಲ್ಲಿ ಮನೆಗೆ ಹೋದ. ಎಷ್ಟೋ ವರ್ಷದ ಮೇಲೆ ಒಂದು ದಿನ ಎಜೆ ನನ್ನನ್ನು ಕರೆದು, ಆ ಕೊನೆಯ ಮಾತು ಹೇಳಲು ಅಪ್ಪಣೆ ಸಿಕ್ಕಿತು, ಲೆಫ್ಟಿನೆಂಟನ ತಾಯಿಯ ಮನೆಗೆ ಹೋಗೋಣ ಎಂದರು. ಯಾರ ಅಪ್ಪಣೆ ಎಂದು ನಾನು ಕೇಳಲಿಲ್ಲ. ಗೇಟಿನಾಚೆ ಜೀಪಿನಲ್ಲೇ ಕೂತು ನೋಡಿದೆ. ಸೇಬಿನ ಮರದ ಕೆಳಗೆ ಎಜೆ ಆ ಮುದುಕಿಯ ಕಿವಿಯ ಹತ್ತಿರ ಬಾಗಿ ಏನೋ ಹೇಳಿದರು. ಮುದುಕಿ ಇನ್ನೊಮ್ಮೆ ಹೇಳಿಸಿಕೊಂಡಳು. ಆಮೇಲೆ ಎಜೆಯ ಹಣೆಗೆ ಮುತ್ತಿಟ್ಟು, ಹೊತ್ತು ಮುಳುಗುವವರೆಗೆ ಕೈ ಬಿಡಲಿಲ್ಲ.

ಬಾತ್ಮಾ ಎಜೆ ಹೋದ ವರ್ಷ ತೀರಿಕೊಂಡರು. ಅಂಗಳದಲ್ಲಿ ಗೂಡಾರ ಹಾಕಿ ಒಳಗೆ ಮಲಗಿಸಿದ್ದರು. ಒಡಹುಟ್ಟಿದ ಗಂಡಸರು ಯಾರೂ ಉಳಿದಿರಲಿಲ್ಲವಾದ್ದರಿಂದ ನಡುವಿಗೆ ವಸ್ತ್ರ ಬಿಗಿದು, ಕೋಲೂರಿ, ಬಾಗಿಲ ಪಕ್ಕ ತಮ್ಮನ ಜಾಗದಲ್ಲಿ ನಿಲ್ಲುವ ಗೌರವ ನನ್ನ ಪಾಲಿಗೆ ಬಂತು. ನಮ್ಮಲ್ಲಿ ಗಂಡಸರು ಬೀದಿಯ ತುದಿಯಿಂದಲೇ ಗಟ್ಟಿಯಾಗಿ ಅಳುತ್ತಾ ಬರಬೇಕು. ಬಂದರು. ಸಮವಸ್ತ್ರದವರು, ನಿವೃತ್ತರಾದವರು, ಮಂಡಿ ಸವೆದು ಕುಂಟುವವರು, ಅಯ್ಯೋ ನನ್ನಕ್ಕ, ನನ್ನ ಬಂಗಾರದಂಥ ಅಕ್ಕ ಎಂದು ಗೋಳಾಡುತ್ತಾ ಗುಂಪು ಗುಂಪಾಗಿ ಬಂದು ನನ್ನನ್ನು ತಬ್ಬಿಕೊಂಡರು. ಅವರಲ್ಲಿ ಎಜೆ ಕೊನೆವರೆಗೂ ಹೆಸರು ಹೇಳದ ಅವನೂ ಇದ್ದಿರಬೇಕು. ಒಬ್ಬ ಉಳಿದವರಿಗಿಂತ ಹೆಚ್ಚು ಹೊತ್ತು ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತ. ನಾನು ಮುಖ ಎತ್ತಿ ನೋಡಲಿಲ್ಲ. ಕಣ್ಣು ಮುಚ್ಚಿಕೊಂಡು, ಅವನು ಬಿಡುವವರೆಗೂ ಅವನನ್ನು ತಬ್ಬಿ ಹಿಡಿದಿದ್ದೆ.